ಬೆನ್ನ ಹಿಂದಿನ ಕೈ

ಬಿಳಿ ಕೈಗವಸಿಗೆ ಇಸ್ತ್ರಿ ಹಾಕುವಾಗ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒತ್ತಬೇಕು. ಇಲ್ಲವಾದರೆ ಹೆಬ್ಬೆರಳ ಬುಡದಲ್ಲಿ ಸುಕ್ಕು ಉಳಿದು ಅಜ್ಜಿಯ ಕಣ್ಣಿಗೆ ಬೀಳುತ್ತದೆ. ಡೆನೀತಾ ಬಲಗವಸಿನ ಕಿರುಬೆರಳಿನವರೆಗೆ ಬಂದಿದ್ದಳು. ಇಸ್ತ್ರಿ ಹಲಗೆಯ ತುದಿಯಲ್ಲಿ ಬೋರಲು ಮಲಗಿಸಿದ್ದ ಫೋನು ಮತ್ತೆ ಗುರ್ರೆಂದಿತು. ಅವಳು ಮುಟ್ಟಲಿಲ್ಲ. ಮುಟ್ಟದಿದ್ದರೂ ಅದರೊಳಗೆ ಏನಿದೆಯೆಂದು ಗೊತ್ತಿತ್ತು: ಸೊಕ್ಕಿನವಳು, ಗಂಟುಮುಖದವಳು, ಉಂಡ ಮನೆಯ ಜಂತೆ ಎಣಿಸುವವಳು. ಮೂರು ವಾರದಿಂದ ಕಂಡರಿಯದ ಜನ, ತಮ್ಮ ಮುಖದ ಜಾಗದಲ್ಲಿ ನಾಯಿಮರಿಯನ್ನೋ ಬಾವುಟವನ್ನೋ ಅಂಟಿಸಿಕೊಂಡವರು, ಅವಳ ಮುಖದ ಬಗ್ಗೆ ಬರೆಯುತ್ತಿದ್ದರು. ಹದಿನೈದು ಮೀಟರು ದಾಟಿ ಜಿಗಿದ ಕಾಲುಗಳ ಬಗ್ಗೆ ಬರೆದವರು ಕಡಿಮೆ. ಅವಳಿಗೂ ಈಗ ಕಾಲುಗಳ ನೆನಪು ಹಿಂದೆ ಸರಿದು, ದಿನವಿಡೀ ಮುಖವೊಂದನ್ನೇ ಹೊತ್ತು ತಿರುಗುತ್ತಿರುವಂತೆ ಅನಿಸುತ್ತಿತ್ತು. ಹಲ್ಲುಜ್ಜುವಾಗ, ಅಂಗಡಿಯಲ್ಲಿ ಹಾಲು ಎತ್ತಿಕೊಳ್ಳುವಾಗ, ನೆರೆಮನೆಯ ನಾಯಿಗೆ ಹಚಾ ಅನ್ನುವಾಗ ಕೂಡ, ಈಗ ತುಟಿ ಹೇಗಿದೆ, ಹುಬ್ಬು ಎಲ್ಲಿದೆ ಎಂದು ಒಳಗಿನಿಂದ ಯಾರೋ ತಪಾಸಣೆ ಮಾಡುತ್ತಿದ್ದರು. ಆ ಯಾರೋ ತಾನೇ ಎಂಬುದು ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಗಿತ್ತು.

"ಇಸ್ತ್ರಿ ಹಿಡ್ಕೊಂಡೇ ಕನಸು ಕಾಣ್ತಿದೀಯೇನೇ? ಏನೋ ಸೀದ ವಾಸ್ನೆ ಬರ್ತಿದೆ," ಎಂದು ಅಡುಗೆಮನೆಯಿಂದ ಅಜ್ಜಿ ವರ್ಡೆಲ್ ಕೂಗಿದಳು.

"ನಾನೇನೂ ಸುಟ್ಟಿಲ್ಲ ಅಜ್ಜಿ."

"ಹಾಗಾದ್ರೆ ನನ್ನ ಮೀನಿನ ವಡೆನೇ ಸೀದಿರ್ಬೇಕು. ಎರಡ್ರಲ್ಲಿ ಒಂದಂತೂ ಸೀದಿದೆ. ವಯಸ್ಸು ಹೋಗಿದೆ, ಮೂಗಿನ್ನೂ ಹೋಗಿಲ್ಲ."

ಅಜ್ಜಿಗೆ ಇನ್ನೂ ಹೇಳಿರಲಿಲ್ಲ. ನಿನ್ನೆ ಹೇಳಬೇಕೆಂದುಕೊಂಡಳು, ಮೊನ್ನೆಯೂ ಅಂದುಕೊಂಡಳು. ಇವತ್ತು ಪಿಸ್ಗಾ ಚರ್ಚಿನಲ್ಲಿ ಬಾಗಿಲ ಸೇವೆಯವರ ವಾರ್ಷಿಕ ಭಾನುವಾರ. ವರ್ಷವಿಡೀ ಬಿಳಿ ಉಡುಪು, ಬಿಳಿ ಗವಸು ತೊಟ್ಟು ಬಾಗಿಲಲ್ಲಿ ನಿಂತು, ಬಂದವರನ್ನು ಕೂರಿಸಿ, ಆವೇಶ ಬಂದು ಬಿದ್ದವರಿಗೆ ಗಾಳಿ ಬೀಸಿ, ಪ್ರಾರ್ಥನೆಯ ಹೊತ್ತಿನಲ್ಲಿ ಒಳಗೆ ನುಗ್ಗುವವರನ್ನು ತಡೆಯುವ ಹೆಂಗಸರಿಗೆ ಇದು ಅವರದೇ ದಿನ. ಅಜ್ಜಿ ಅವರೆಲ್ಲರ ಮುಖ್ಯಸ್ಥೆ. ಡೆನೀತಾ ಏಳು ವರ್ಷದವಳಾಗಿದ್ದಾಗಿನಿಂದ ಈ ಒಂದು ಭಾನುವಾರ ಎಲ್ಲಿದ್ದರೂ ಅಜ್ಜಿಯ ಊರು ಪೈನ್ ಬ್ಲಫ್‌ಗೆ ಬಂದು ಅವಳ ಪಕ್ಕದಲ್ಲಿ ನಿಲ್ಲುತ್ತಾಳೆ. ಇವತ್ತು ಆ ಬಾಗಿಲಿಗೆ ಕ್ಯಾಮೆರಾ ಬರುತ್ತದೆ. ಬರಲಿ ಎಂದು ಹೇಳಿದವಳು ಅವಳೇ. ಹೇಳಿದ್ದು ಎಂದರೆ ಹೇಳಿದ್ದೇನೂ ಅಲ್ಲ, ಫೋನಿನಲ್ಲಿ ಒಂದು "ಹ್ಞೂ" ಅಂದದ್ದು.

ಆ ಸಂಜೆಯನ್ನು ಅವಳು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದಳೆಂದರೆ ಈಗ ಅದು ತನಗೆ ಆದದ್ದೋ ಟೀವಿಯಲ್ಲಿ ಕಂಡದ್ದೋ ಎಂಬುದೇ ಕಲಸಿಹೋಗಿತ್ತು. ವಿಶ್ವಕೂಟದ ಟ್ರಿಪಲ್ ಜಂಪ್, ಐದನೇ ಯತ್ನ, ಮರಳಿನಿಂದ ಎದ್ದು ತಿರುಗಿ ನೋಡುವ ಮುಂಚೆಯೇ ಕ್ರೀಡಾಂಗಣ ಎದ್ದು ನಿಂತಿತ್ತು. ಅಲ್ಲಿಯವರೆಗೆ ಎಲ್ಲವೂ ಅವಳದೇ. ಪದಕ ಕೊಡುವ ಮುಂಚೆ ಮೂವರನ್ನೂ ಒಂದು ಸಣ್ಣ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದರು. ಸಮಾರಂಭದ ಉಸ್ತುವಾರಿಯ ಹೆಂಗಸೊಬ್ಬಳು ಬಂದು ಎರಡನೆಯ ಸ್ಥಾನದ ಫಿನ್ಲೆಂಡಿನ ಎಲೀನಾಳ ಕಾಲರು ಸರಿಮಾಡಿದಳು, ಮೂರನೆಯವಳ ಬೆನ್ನು ತಟ್ಟಿದಳು. ಡೆನೀತಾಳ ಮುಂದೆ ನಿಂತು ಅವಳ ಮುಖವನ್ನು ಒಂದು ಕ್ಷಣ ನೋಡಿ, ತನ್ನ ಎರಡು ತೋರುಬೆರಳುಗಳನ್ನು ತನ್ನದೇ ತುಟಿಯ ಕೊನೆಗಳಿಗೆ ಇಟ್ಟು ಮೇಲಕ್ಕೆ ಎಳೆದು ತೋರಿಸಿದಳು. ಕಿವುಡರಿಗೆ ತೋರಿಸುವ ಹಾಗೆ. ಉಳಿದಿಬ್ಬರೂ ನಗುತ್ತಿರಲಿಲ್ಲ, ಎಲೀನಾ ನೆಲ ನೋಡುತ್ತಿದ್ದಳು. ಆದರೆ ಬೆರಳು ಎಳೆದು ತೋರಿಸಿದ್ದು ಡೆನೀತಾಳಿಗೆ ಮಾತ್ರ. ಆರನೇ ತರಗತಿಯಲ್ಲಿ ಶಾಲೆಗೆ ಬಂದ ಫೋಟೋದವನೂ ಇಡೀ ಸಾಲನ್ನು ತಡೆದು ಅವಳೊಬ್ಬಳದನ್ನೇ ನಾಲ್ಕು ಸಲ ತೆಗೆದಿದ್ದ. "ಯಾಕಮ್ಮಾ, ನಿಮ್ಮನೆ ಬೆಕ್ಕು ಸತ್ತೋಯ್ತಾ?" ಅಂದಿದ್ದ. ಹಿಂದೆ ನಿಂತ ಮಕ್ಕಳೆಲ್ಲ ನಕ್ಕಿದ್ದರು. ನಾಲ್ಕನೆಯದರಲ್ಲಿ ಅವಳು ಅಳು ತಡೆಯಲು ಹಲ್ಲು ಕಚ್ಚಿದ್ದಳು, ಅದನ್ನೇ ಅವನು "ಆಹಾ, ಇದು ನಗು" ಎಂದು ಇಟ್ಟುಕೊಂಡ. ಆ ಫೋಟೋ ಇನ್ನೂ ಅಜ್ಜಿಯ ಟೀವಿಯ ಮೇಲೆ ಇದೆ.

ಮೆಟ್ಟಿಲು ಹತ್ತಿ ನಿಂತಾಗ ಕುತ್ತಿಗೆಯಲ್ಲಿ ಚಿನ್ನದ ಭಾರ, ಮುಂದೆ ಎಪ್ಪತ್ತು ಸಾವಿರ ಕಣ್ಣುಗಳು. ಬಾವುಟ ಏರತೊಡಗಿತು, ರಾಷ್ಟ್ರಗೀತೆಯ ವಾದ್ಯ ಶುರುವಾಯಿತು. ಅಷ್ಟು ಜನ ಒಟ್ಟಿಗೆ ಎದ್ದು ನಿಂತು ಮೌನವಾದದ್ದೇ ತಡ, ಅವಳ ಮೈ ತಾನಾಗಿ ಬಾಗಿಲ ಸೇವೆಗೆ ನಿಂತುಬಿಟ್ಟಿತು. ಎಡಗೈ ಬೆನ್ನ ಹಿಂದೆ, ಮುಷ್ಟಿ ಬಿಗಿ. ಬಲಗೈ ಪಕ್ಕದಲ್ಲಿ ಸಡಿಲ. ಭಾರ ಎರಡೂ ಪಾದಗಳ ಮೇಲೆ ಸಮ. ಕಣ್ಣು ನೇರ, ಮುಖ ಮುಚ್ಚಿದ ಬಾಗಿಲಿನಷ್ಟು ನಿಶ್ಚಲ. ಚಿಕ್ಕವಳಿದ್ದಾಗ ಅಜ್ಜಿ ಆ ಮುಷ್ಟಿಯೊಳಗೆ ಕಾಗದ ಸುತ್ತಿದ ಒಂದು ಪೆಪ್ಪರಮಿಂಟು ಇಟ್ಟು ನಿಲ್ಲಿಸುತ್ತಿದ್ದಳು. ಆರಾಧನೆ ಮುಗಿಯುವವರೆಗೆ ಕಾಗದ ಸರಕ್ ಅನ್ನದಿದ್ದರೆ ಮಿಠಾಯಿ ಅವಳದು. ಪಕ್ಕದಲ್ಲಿ ಎಲೀನಾ ಅಪ್ಪಿಕೊಳ್ಳಲು ತೋಳು ಚಾಚಿದಳು. ಡೆನೀತಾ ತಿರುಗಲಿಲ್ಲ, ಸೇವೆಯಲ್ಲಿ ನಿಂತವರು ತಲೆ ತಿರುಗಿಸುವುದಿಲ್ಲ. ಎಲೀನಾಳ ತೋಳು ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು ಕೆಳಗಿಳಿಯಿತು. ಆಮೇಲೆ ಇಬ್ಬರೂ ಬಸ್ಸಿನಲ್ಲಿ ಒಂದೇ ಪೊಟ್ಟಣದ ಬಾದಾಮಿ ತಿಂದರು, ಅದನ್ನು ಯಾರೂ ಚಿತ್ರ ತೆಗೆಯಲಿಲ್ಲ. ತೆಗೆದದ್ದು ಗಾಳಿಯಲ್ಲಿ ನಿಂತ ತೋಳನ್ನು, ಬೆನ್ನ ಹಿಂದಿನ ಮುಷ್ಟಿಯನ್ನು. ರಾಷ್ಟ್ರಗೀತೆಗೆ ಎದೆಯ ಮೇಲೆ ಇರಬೇಕಾದ ಬಲಗೈ ಏಕೆ ಏಳಲಿಲ್ಲ, ಎಡಗೈ ಬೆನ್ನ ಹಿಂದೆ ಏಕೆ ಹೋಯಿತು, ಮುಷ್ಟಿಯೊಳಗೆ ಏನು ಹಿಡಿದಿದ್ದಳು, ಯಾರಿಗೆ ಗುದ್ದಬೇಕೆಂದಿದ್ದಳು ಎಂದು ಟೈ ಕಟ್ಟಿದ ನಾಲ್ವರು ಟೀವಿಯಲ್ಲಿ ಒಂದು ಗಂಟೆ ಚರ್ಚೆ ಮಾಡಿದರು. ಅದೇ ರಾತ್ರಿ ಕೋಲುಜಿಗಿತದಲ್ಲಿ ಸೋತ ತಮ್ಮದೇ ತಂಡದ ಬಿಳಿ ಹುಡುಗಿ ಕೋಲು ಎಸೆದು, ಕೇಳಬಾರದ ಮಾತೊಂದು ಆಡಿ, ತಲೆಯ ಮೇಲೆ ಟವೆಲು ಎಳೆದುಕೊಂಡು ಕೂತಿದ್ದಳು. ಅವಳದು ಛಲ ಎಂದಾಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಗೆದ್ದಾಗ ಡೆನೀತಾ ಮರಳಿನಲ್ಲೇ ಕುಣಿದಿದ್ದಳು. ಆಗ ಇವರೇ ಅದನ್ನು ಬೀದಿ ಕುಣಿತ ಅಂದಿದ್ದರು. ಕುಣಿದರೆ ಹುಚ್ಚು, ನಿಂತರೆ ಸೊಕ್ಕು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು?

ಆದರೆ ಅವಳನ್ನು ಮೂರು ವಾರದಿಂದ ಕಿತ್ತು ತಿನ್ನುತ್ತಿದ್ದದ್ದು ಅವರ ಬಾಯಿ ಅಲ್ಲ. ತಾನು ನಿಂತದ್ದು ಪೂರ್ತಿ ಸೇವೆಯೇ ಆಗಿತ್ತೇ? ಎರಡು ಬೆರಳು ತುಟಿ ಎಳೆದು ತೋರಿಸಿದ್ದು ಕಣ್ಣ ಮುಂದೆಯೇ ಇತ್ತಲ್ಲ. ಮುಷ್ಟಿ ಅಭ್ಯಾಸದಿಂದ ಬಿಗಿಯಾಯಿತು, ಸರಿ. ಆದರೆ ಅಂಗೈಯಲ್ಲಿ ಉಗುರಿನ ನಾಲ್ಕು ಗುರುತು ಮೂಡಿದ್ದು ಯಾವ ಅಭ್ಯಾಸ? ಸಿಟ್ಟು ಹೊತ್ತು ಬಾಗಿಲಲ್ಲಿ ನಿಲ್ಲಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಸಿಟ್ಟಿದ್ದರೆ ಮನೆಯಲ್ಲೇ ಬಿಟ್ಟು ಬಾ, ದೇವರ ಮನೆಗೆ ತರಬೇಡ. ತಾನು ತಂದಿದ್ದಳು. ಆಡಿಕೊಳ್ಳುವ ಜನ ತಪ್ಪು ಕಾರಣಕ್ಕೆ ಸರಿಯಾದ ಮಾತು ಆಡುತ್ತಿದ್ದಾರೇನೋ ಎಂದು ಹಾಸಿಗೆಯಲ್ಲಿ ಮಲಗಿದಾಗ ಅನಿಸಿ ಅವಳಿಗೆ ಬೆವರು ಬರುತ್ತಿತ್ತು.

ಕ್ರೀಡಾ ಸಂಘದ ನಡತೆ ಸಮಿತಿ ಸೋಮವಾರ ಬೆಳಿಗ್ಗೆ ಕೂರುತ್ತದೆ. ತಪ್ಪಾಯಿತು ಎನ್ನದಿದ್ದರೆ ಒಂದು ವರ್ಷ ಆಟದಿಂದ ಹೊರಗೆ. ಅವಳಿಗೆ ಇಪ್ಪತ್ತೊಂಬತ್ತು, ಎಡ ಮೊಣಕಾಲಿಗೆ ಅರವತ್ತು. ಆ ಮೊಣಕಾಲಿನ ಲೆಕ್ಕದಲ್ಲಿ ಒಂದು ವರ್ಷ ಎಂದರೆ ಆಟವೇ ಮುಗಿದ ಹಾಗೆ. ಸಂಘದ ಪ್ರಚಾರದ ಕೆಲಸ ನೋಡುವ ಮೆರೆಡಿತ್ ನಾಲ್ಕು ಸಾಲಿನ ಕ್ಷಮಾಪಣೆ ಬರೆದು ಕಳಿಸಿದ್ದಳು. ಗುರುವಾರ ಬಚ್ಚಲಿನ ಕನ್ನಡಿಯ ಮುಂದೆ ಫೋನು ಹಿಡಿದು ಡೆನೀತಾ ಅದನ್ನು ನಗುತ್ತಾ ಹೇಳುವ ವಿಡಿಯೋ ಏಳು ಸಲ ತೆಗೆದಳು. ಮೊದಲನೆಯದರಲ್ಲಿ ನಗು ತಡವಾಯಿತು, ಮೂರನೆಯದರಲ್ಲಿ ಹಲ್ಲು ಹೆಚ್ಚಾಯಿತು, ಐದನೆಯದರಲ್ಲಿ ನಲ್ಲಿ ತೊಟ್ಟಿಕ್ಕಿತು. ಏಳನೆಯದು ಸರಿಯಾಗಿ ಬಂತು. ಎಷ್ಟು ಸರಿಯಾಗಿ ಎಂದರೆ ಅದರೊಳಗಿನ ಹೆಂಗಸು ಯಾರೆಂದು ಅವಳಿಗೇ ತಿಳಿಯಲಿಲ್ಲ. ಕಳಿಸಲಿಲ್ಲ. ಶುಕ್ರವಾರ ಮೆರೆಡಿತ್ ಫೋನು ಮಾಡಿ, ಹಾಗಾದರೆ ಭಾನುವಾರ ಬನ್ನಿ, ನಮ್ಮಲ್ಲೇ ತೆಗೆಯೋಣ ಅಂದಾಗ, ಭಾನುವಾರ ಆಗುವುದಿಲ್ಲ, ನಮ್ಮ ಚರ್ಚಿನಲ್ಲಿ ಬಾಗಿಲ ಸೇವೆಯ ದಿನ ಎಂದು ಬಾಯಿತಪ್ಪಿ ಹೇಳಿಬಿಟ್ಟಳು. ಹತ್ತು ನಿಮಿಷಕ್ಕೆ ಮೆರೆಡಿತ್ ಮತ್ತೆ ಫೋನು ಮಾಡಿದಳು. ಅಷ್ಟರಲ್ಲಿ ಅವಳು ಪಿಸ್ಗಾ ಚರ್ಚಿನ ಹಳೆಯ ಚಿತ್ರವೊಂದನ್ನು ಹುಡುಕಿ ತೆಗೆದಿದ್ದಳು: ಬಿಳಿ ಉಡುಪಿನ ಒಂಬತ್ತು ಹೆಂಗಸರು, ಒಂಬತ್ತು ಎಡಗೈ ಬೆನ್ನ ಹಿಂದೆ, ನಗುವವರು ಒಬ್ಬರೂ ಇಲ್ಲ.

"ಡೆನೀತಾ! ಇದನ್ನ ಯಾಕೆ ಮೊದಲೇ ಹೇಳ್ಲಿಲ್ಲ ನೀವು? ಕ್ಷಮೆಗಿಮೆ ಎಲ್ಲಾ ಬಿಡಿ. ನಾನೇ ಅಲ್ಲಿಗೆ ಬರ್ತೀನಿ, ಕ್ಯಾಮೆರಾ ತರ್ತೀನಿ. ನೀವು, ನಿಮ್ಮ ಅಜ್ಜಿ, ಬಾಗಿಲು, ಆ ಕೈ... ನೀವು ಬಾಯ್ಬಿಟ್ಟು ವಿವರಿಸಿದ್ರೆ ಸಾಕು, ಕೊನೇಲಿ ಇಬ್ರೂ ಒಂಚೂರು ನಕ್ರೆ ಸಾಕು. ಇಡೀ ದೇಶ ಕಣ್ಣೀರು ಹಾಕುತ್ತೆ. ಸಮಿತಿಯವರು ನಿಮ್ಮ ಕಾಲಿಗೆ ಬೀಳ್ತಾರೆ. ಆಗ್ಬಹುದಲ್ವಾ?"

"ಹ್ಞೂ," ಅಂದಿದ್ದಳು.

ಕಾರಿನಲ್ಲಿ ಹೇಳಿದಳು. ಕಾರು ಓಡಿಸುವಾಗ ಮುಖ ನೋಡಬೇಕಾಗಿಲ್ಲ ಎಂಬ ಧೈರ್ಯದಿಂದ, ರೈಲು ಹಳಿ ದಾಟಿದ ಮೇಲೆ, ಮುಚ್ಚಿದ ಕಾಗದದ ಗಿರಣಿಯ ಪಕ್ಕದಲ್ಲಿ, ಒಂದೇ ಉಸಿರಿಗೆ ಎಲ್ಲವನ್ನೂ. ಪಕ್ಕದಲ್ಲಿ ಅಜ್ಜಿ ಬಿಳಿ ಉಡುಪಿನ ಮಡಿಕೆ ಮುರಿಯದಂತೆ ನೆಟ್ಟಗೆ ಕೂತಿದ್ದಳು. ರೇಡಿಯೋ ಆರಿಸಿದಳು. ಎರಡು ಸಿಗ್ನಲ್ಲು ಕಳೆಯಿತು.

"ಆ ಟೀವಿಲಿ ನಿನ್ನ ನೋಡ್ದೆ," ಅಂದಳು ಕೊನೆಗೆ. "ಚರ್ಚಿನ ಕೆಳಗಿನ ಹಾಲಲ್ಲಿ ಎಲ್ರೂ ಕೂತು ನೋಡಿದ್ವಿ. ನಿಂಗೆ ಆವತ್ತೇ ಹೇಳ್ಬೇಕು ಅಂತಿದ್ದೆ, ಊರೆಲ್ಲ ನಿನ್ನ ಮೇಲೆ ಬಿದ್ದಿದಾರಲ್ಲ, ಇನ್ನೊಂದ್ ಯಾಕೆ ಅಂತ ಸುಮ್ನಿದ್ದೆ."

ಡೆನೀತಾ ಕಾರಿನ ವೇಗ ತಗ್ಗಿಸಿದಳು. "ಏನು ಅಜ್ಜಿ?"

"ನಿನ್ನ ಮುಷ್ಟಿ ಕೆಳಗಿತ್ತು."

"ಏನಂದೆ?"

"ಕೆಳಗಿತ್ತು ಕಣೇ, ಎರಡು ಬೆರಳು. ಸೊಂಟದ ಪಟ್ಟಿ ಮೇಲೆ ಬರ್ಬೇಕು ಮುಷ್ಟಿ, ನೀನು ಅಂಡಿನ ಮೇಲೆ ಇಟ್ಕೊಂಡು ನಿಂತಿದ್ದೆ. ಇಪ್ಪತ್ತೆರಡು ವರ್ಷ ಕಲ್ಸಿದೀನಿ, ಪ್ರಪಂಚದ ಮುಂದೆ ಹೋಗಿ ಹೀಗಾ ನಿಲ್ಲೋದು? ನಮ್ಮ ಸೇವೆಯ ಸಿಸ್ಟರ್ ಅರ್ನೆಸ್ಟೈನು ನನ್ನ ಮುಖ ನೋಡಿದ್ಲು. ನಂಗೆ ನೆಲ ಬಾಯ್ಬಿಡಬಾರ್ದಾ ಅನ್ನಿಸ್ತು."

ಮೂರು ವಾರದ ನಂತರ ಡೆನೀತಾಳಿಗೆ ನಗು ಬಂತು. ಯಾರೂ ಹೇಳದೆ, ಯಾರೂ ಬೆರಳಿನಿಂದ ಎಳೆಯದೆ, ಮೂಗಿನಿಂದ ಸೀನಿನ ಹಾಗೆ ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂದು ರಸ್ತೆ ಮಸುಕಾಯಿತು. ಪ್ರಪಂಚದಲ್ಲಿ ಒಬ್ಬಳಾದರೂ ಅವಳು ಏನು ಮಾಡುತ್ತಿದ್ದಳೋ ಅದನ್ನೇ ನೋಡಿದ್ದಳು. ಅದರಲ್ಲಿದ್ದ ನಿಜವಾದ ತಪ್ಪನ್ನೇ ಹಿಡಿದಿದ್ದಳು.

"ನಗೋದಲ್ಲ," ಅಂದಳು ಅಜ್ಜಿ. "ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬೇಡ. ಅಲ್ಲಿ ನೀನು ಸೇವೆಗೆ ನಿಂತಿದ್ಯೋ, ಸಿಟ್ಟಲ್ಲಿ ನಿಂತಿದ್ಯೋ?"

ಇದೇ ಪ್ರಶ್ನೆ. ಇದಕ್ಕೆ ಹೆದರಿಯೇ ಅವಳು ಮೂರು ವಾರ ಅಜ್ಜಿಯೊಡನೆ ಹವಾಮಾನದ ಮಾತು ಆಡಿದ್ದಳು. "ಎರಡೂ," ಅಂದಳು.

ಅಜ್ಜಿ ಕಿಟಕಿಯ ಕಡೆ ತಿರುಗಿದಳು. ಹೊರಗೆ, ಊರ ನಡುವಿನ ದೊಡ್ಡ ಬಟ್ಟೆ ಅಂಗಡಿಯ ಖಾಲಿ ಕಟ್ಟಡ ಹಿಂದೆ ಸರಿಯುತ್ತಿತ್ತು. ಗಾಜಿಗೆಲ್ಲ ಹಲಗೆ ಹೊಡೆದಿದ್ದರು. ಹದಿನೆಂಟನೇ ವಯಸ್ಸಿನಿಂದ ಆರು ವರ್ಷ ಅವಳು ಅದರೊಳಗೆ ಲಿಫ್ಟು ನಡೆಸಿದ್ದಳು, ಡೆನೀತಾಳಿಗೆ ಅಷ್ಟು ಗೊತ್ತಿತ್ತು. ಅಜ್ಜಿ ಅದರ ಬಗ್ಗೆ ಮಾತೆತ್ತಿದ್ದು ಮಾತ್ರ ಇಲ್ಲ.

"ಅಲ್ಲೂ ಬಿಳಿ ಗವಸೇ," ಅಂದಳು ಅಜ್ಜಿ. "ಮೂರನೇ ಮಹಡಿ, ಹೆಂಗಸರ ಟೋಪಿಗಳು, ಅಂತ ಕೂಗ್ಬೇಕು. ನಾವು ಕಪ್ಪು ಜನ ತಲೆಗೆ ಇಟ್ಟು ನೋಡೋ ಹಾಗಿರಲಿಲ್ಲ ಆ ಟೋಪೀನ, ಕೂಗೋಕೆ ಮಾತ್ರ ನಾವು. ಮೇಲಿನ ಹಲ್ಲು ಕಾಣ್ಬೇಕು, ಕೆಳಗಿಂದು ಕಾಣ್ಬಾರ್ದು. ಹಾಗಂತ ಮ್ಯಾನೇಜರು ಕನ್ನಡಿ ಇಟ್ಟು ಕಲ್ಸಿದ್ದ. ನಮ್ಮವ್ವ ಸತ್ತ ವಾರಾನೂ ನಕ್ಕೊಂಡೇ ಏರ್ದೆ, ನಕ್ಕೊಂಡೇ ಇಳ್ದೆ. ರಾತ್ರಿ ಬಂದು ಕೆನ್ನೆಗೆ ಬಿಸಿ ಬಟ್ಟೆ ಒತ್ಕೊಳ್ತಿದ್ದೆ, ಅಷ್ಟು ನೋವು. ಆಮೇಲೆ ಪಿಸ್ಗಾದಲ್ಲಿ ಬಾಗಿಲ ಸೇವೆಗೆ ಸೇರ್ಕೊಂಡ ಮೊದಲ ಭಾನುವಾರ ಅದೇ ಮುಖ ಹಾಕ್ಕೊಂಡು ನಿಂತೆ ನೋಡು. ಆಗಿನ ಮುಖ್ಯಸ್ಥೆ, ದೊಡ್ಡ ಮುದುಕಿ, ನನ್ನ ಹತ್ರ ಬಂದು ಕಿವೀಲಿ ಹೇಳಿದ್ಲು: ಇಲ್ಲಿ ನಿನ್ನ ನಗು ಯಾರಿಗೂ ಬೇಕಾಗಿಲ್ಲ ಮಗಾ, ಕೆಳಗಿಡು ಅದನ್ನ. ತಲೆ ಮೇಲಿನ ಹೊರೆ ಇಳಿಸ್ದಂಗಾಯ್ತು. ಅವತ್ತಿಂದ ಭಾನುವಾರ ನನ್ನ ಮುಖ ನಂದು."

"ಸಿಟ್ಟು ಮನೇಲಿ ಬಿಟ್ಟು ಬಾ ಅಂತಿದ್ದೆ ನೀನು."

"ಮಕ್ಕಳಿಗೆ ಇನ್ನೇನು ಹೇಳ್ಲಿ? ಐವತ್ತೊಂದು ವರ್ಷ ನಿಂತಿದೀನಿ ಆ ಬಾಗಿಲಲ್ಲಿ. ಸಿಟ್ಟಿಲ್ದೆ ನಿಂತ ಭಾನುವಾರ ಎಣಿಸೋಕೆ ಒಂದು ಕೈ ಬೆರಳು ಸಾಕು. ಸಿಟ್ಟು ಇರುತ್ತೆ ಕಣೇ. ಕೈ ಹಿಂದೆ ಇರೋದು ಅದಕ್ಕೇ." ಚರ್ಚಿನ ತಿರುವು ಬಂದಾಗ, ತರಕಾರಿ ವಿಷಯ ಮಾತಾಡುವವಳ ಹಾಗೆ ಅಂದಳು: "ಬರ್ಲಿ ಬಿಡು ಆ ಹುಡ್ಗಿ, ಕ್ಯಾಮೆರಾ ತರ್ಲಿ. ನಿನ್ನ ಜಿಗಿತ ಉಳಿಯುತ್ತೆ ಅಂದ್ರೆ ನಿಂತ್ಕೋತೀನಿ ನಾನು. ಬೇಕಂದ್ರೆ ನಗ್ತೀನಿ ಕೂಡ. ಆರು ವರ್ಷ ನಕ್ಕೋಳಿಗೆ ಇನ್ನೊಂದ್ ಸಲ ಏನು ಮಹಾ? ಹಲ್ಲು ಉದ್ರುತ್ತಾ? ಇರೋ ಹಲ್ಲೂ ನಂದಲ್ಲ."

ಡೆನೀತಾ ಕಾರು ನಿಲ್ಲಿಸಿ ಬಹಳ ಹೊತ್ತು ಸ್ಟಿಯರಿಂಗ್ ಚಕ್ರದ ಮೇಲಿನ ಕೈ ತೆಗೆಯಲಿಲ್ಲ. ಅಜ್ಜಿ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅಜ್ಜಿ ಬಾಗಿಲು ತೆರೆದು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ಇಳಿದು, ಉಡುಪಿನ ಹಿಂಭಾಗ ಕೊಡವಿಕೊಂಡು, ಎದೆಯ ಮೇಲಿನ ಬಿಲ್ಲೆ ಸರಿಮಾಡಿಕೊಂಡು ನಡೆದಳು. ಹಿಂದಿನಿಂದ ನೋಡಿದರೆ ಅವಳ ಕಾಲಿನ ಚರ್ಮದ ಬಣ್ಣದ ಬಿಗಿ ಕಾಲುಚೀಲ ಹಿಮ್ಮಡಿಯಲ್ಲಿ ಸುಕ್ಕಾಗಿತ್ತು. ಆ ಬೆನ್ನನ್ನು ನೋಡುತ್ತಾ ಡೆನೀತಾಳಿಗೆ ಬಚ್ಚಲ ಕನ್ನಡಿಯ ಏಳನೆಯ ಹೆಂಗಸು ಯಾರೆಂದು ಗೊತ್ತಾಯಿತು. ಮೇಲಿನ ಹಲ್ಲು ಕಾಣುತ್ತಿತ್ತು, ಕೆಳಗಿನದು ಕಾಣುತ್ತಿರಲಿಲ್ಲ. ತಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಯಾವನೋ ಮ್ಯಾನೇಜರು ಕಲಿಸಿದ ನಗು, ತನ್ನ ಮುಖದ ಮೇಲೆ ಹೇಗೆ ಬಂತೋ. ಅವಳು ಫೋನು ತೆಗೆದು ಏಳನ್ನೂ ಅಳಿಸಿದಳು. ಅಳಿಸಿದರೂ ಹಗುರಾಗಲಿಲ್ಲ, ಅಜ್ಜಿ ನಗುವುದಾಗಿ ಹೇಳಿದ್ದು ಎದೆಯಲ್ಲಿ ಕೂತಿತ್ತು. ಹೊರಕೋಣೆಯ ಮೇಜಿನ ಮೇಲಿದ್ದ ಬುಟ್ಟಿಯಲ್ಲಿ, ಸೇವೆಯವರೆಲ್ಲರ ಫೋನುಗಳ ನಡುವೆ, ತನ್ನದನ್ನೂ ಹಾಕಿ ಗವಸು ತೊಟ್ಟಳು.

ಅವಳಿಗೆ ಸಿಕ್ಕ ಜಾಗ ಹೊರಕೋಣೆಗೂ ಸಭಾಂಗಣಕ್ಕೂ ನಡುವಿನ ಜೋಡಿ ಬಾಗಿಲು. ಬಾಗಿಲಿನಲ್ಲಿ ಅಂಗೈಯಗಲದ ಗಾಜು. ಅದರಾಚೆ ನಡುದಾರಿಯ ಕೊನೆಯಲ್ಲಿ ಅಜ್ಜಿ ಇತ್ತ ಮುಖ ಮಾಡಿ ನಿಂತಿದ್ದಳು. ಹಾಡು ಮುಗಿಯಿತು. ಚರ್ಚಿನ ಹಿರಿಯ, ಡೀಕನ್ ಗಿಲ್ಯಮ್ ಪ್ರಾರ್ಥನೆಗೆ ಮಂಡಿಯೂರಿದ. ಅವನು ಮಂಡಿಯೂರಿದನೆಂದರೆ ಒಲೆಯ ಮೇಲೆ ಬೇಳೆ ಇಟ್ಟು ಬಂದವರಿಗೆ ಎದೆ ಧಸಕ್ಕೆನ್ನುತ್ತದೆ ಎಂಬುದು ಪಿಸ್ಗಾದ ಮಾತು. ಜೋಡಿ ಬಾಗಿಲು ಮುಚ್ಚಿತು. ಅದಕ್ಕೆ ಬೆನ್ನು ಕೊಟ್ಟು ಡೆನೀತಾ ನಿಂತಳು. ಅದೇ ಹೊತ್ತಿಗೆ ಹೊರಬಾಗಿಲಿನಿಂದ ಬಿಸಿಲಿನ ಸಮೇತ ಮೆರೆಡಿತ್ ಒಳಗೆ ಬಂದಳು. ಹಿಂದೆ ಕ್ಯಾಮೆರಾ ಹೊತ್ತ ಆಳೊಬ್ಬ, ಐವತ್ತರ ಕಪ್ಪು ಮನುಷ್ಯ, ಬಾಡಿಗೆಗೆ ಲಿಟಲ್ ರಾಕ್ ನಗರದಿಂದ ಬಂದವನು.

"ದೇವ್ರೇ, ಎಷ್ಟು ಚೆನ್ನಾಗಿದೆ! ಹಾಗೇ ಇರಿ, ಹಾಗೇ ಇರಿ. ಹನ್ನೊಂದು ಸಲ ಫೋನ್ ಮಾಡ್ದೆ ನಿಮಗೆ. ನಮಗೆ ಎರಡು ಗಂಟೆಗೆ ವಿಮಾನ ಇದೆ, ಮೊದಲು ಒಳಗೆ ಅಜ್ಜೀದು ತೆಗೆದುಬಿಡೋಣ," ಎಂದು ಮೆರೆಡಿತ್ ಬಾಗಿಲ ಹಿಡಿಗೆ ಕೈ ಚಾಚಿದಳು.

ಡೆನೀತಾಳ ಬಲಗೈ ಎದ್ದಿತು. ಎದೆಯ ಮಟ್ಟಕ್ಕೆ, ಅಂಗೈ ಮುಂದೆ, ಬೆರಳುಗಳು ಕೂಡಿ. ಆ ಕೈಯನ್ನು ಕಂಡದ್ದೇ ಕ್ಯಾಮೆರಾದವನು ಇದ್ದಲ್ಲೇ ನಿಂತ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಕ್ಯಾಮೆರಾ ಮೆಲ್ಲಗೆ ನೆಲಕ್ಕಿಳಿಯಿತು.

"ಮೇಡಮ್, ಒಳಗೆ ಪ್ರಾರ್ಥನೆ ನಡೀತಿದೆ. ಬಿಡಲ್ಲ ಅವ್ರು," ಅಂದ.

"ಯಾರು ಹೇಳಿದ್ದು?"

"ಕೈ ಹೇಳ್ತಿದೆಯಲ್ಲ."

"ಎಷ್ಟು ಹೊತ್ತು?"

ಅವನು ಬಾಗಿಲಾಚೆಯಿಂದ ಬರುತ್ತಿದ್ದ ಧ್ವನಿಗೆ ಕಿವಿಗೊಟ್ಟ. ಡೀಕನ್ ಇನ್ನೂ ಆಸ್ಪತ್ರೆಯಲ್ಲಿದ್ದವರ ಹೆಸರುಗಳನ್ನು ಹೇಳುತ್ತಿದ್ದ. "ಇನ್ನೂ ಕಾಯಿಲೆಯವರಲ್ಲೇ ಇದಾರೆ. ಸೈನಿಕರು ಬರ್ಬೇಕು, ಸರ್ಕಾರ ಬರ್ಬೇಕು, ಸೋರೋ ಛಾವಣಿ ಬರ್ಬೇಕು. ಕೂತ್ಕೊಳ್ಳಿ ನೀವು."

ಮೆರೆಡಿತ್ ಕೂರಲಿಲ್ಲ. ಗಡಿಯಾರ ನೋಡಿದಳು. ಹತ್ತಿರ ಬಂದು ದನಿ ತಗ್ಗಿಸಿದಳು. ಕೆಟ್ಟವಳಲ್ಲ ಅವಳು, ಅದೇ ಕಷ್ಟ. "ಡೆನೀತಾ, ನಾನು ನಿಮ್ಮ ಪರವಾಗೇ ಇದೀನಿ. ಇಲ್ಲಿ ನಿಂತೇ ಹೇಳಿಬಿಡಿ. ಇದು ನಮ್ಮ ಚರ್ಚಿನ ಪದ್ಧತಿ, ನಂಗೆ ಸಿಟ್ಟಿರಲಿಲ್ಲ, ಅಷ್ಟೇ. ಎರಡು ಮಾತು. ಇಲ್ಲಾಂದ್ರೆ ನಾಳೆ ಒಂದು ವರ್ಷ ಹೋಗುತ್ತೆ. ನಿಮ್ಮ ಮೊಣಕಾಲು ನಂಗೆ ಗೊತ್ತು, ನಿಮಗೂ ಗೊತ್ತು. ಏನಾದ್ರೂ ಮಾತಾಡಿ. ಕೊನೇಪಕ್ಷ ಮುಖನಾದ್ರೂ ಸ್ವಲ್ಪ... ನೋಡಿ, ಈಗ್ಲೂ ಹಾಗೇ ನಿಂತಿದೀರಿ!"

ಎತ್ತಿದ ಅಂಗೈಯನ್ನು ಅವಳು ಇಳಿಸಲಿಲ್ಲ. ಗವಸಿನೊಳಗೆ ಬೆವರು. ಓಟದ ಹಾದಿಯ ಕೆಂಪು, ಹಲಗೆಯ ಮೇಲೆ ಪಾದ ಬಿದ್ದಾಗಿನ ಆ ಸದ್ದು, ಎರಡನೆಯ ಹೆಜ್ಜೆಗೂ ಮೂರನೆಯದಕ್ಕೂ ನಡುವೆ ನೆಲ ಇಲ್ಲದ ಆ ಹೊತ್ತು: ಅದು ಇನ್ನೊಮ್ಮೆ ಬೇಕಿತ್ತು ಅವಳಿಗೆ, ಆಸೆಯಿಂದ ಬಾಯಿ ಒಣಗುವಷ್ಟು ಬೇಕಿತ್ತು. ಎರಡು ಮಾತು ತಾನೇ. ಒಂದು ನಿಜ, ಇನ್ನೊಂದು ಸುಳ್ಳು. ಪದ್ಧತಿ ಎಂಬುದು ನಿಜ. ಸಿಟ್ಟಿರಲಿಲ್ಲ ಎಂಬುದು ಸುಳ್ಳು. ಆ ಸುಳ್ಳನ್ನಾದರೂ ಹೇಳಿಬಿಡಬಹುದಿತ್ತು, ಹೇಳಲಾಗದ್ದು ನಿಜವಾದದ್ದೇ. ಒಂದು ಸಲ ವಿವರಿಸಿದರೆ ಅವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ, ಎಷ್ಟು ಮುದ್ದು ಅನ್ನುತ್ತಾರೆ, ಮುಂದಿನ ಭಾನುವಾರದಿಂದ ಈ ನಿಲುವೂ ಒಂದು ನಗುವಾಗಿ ಅಜ್ಜಿಯ ಮುಖಕ್ಕೆ ಅಂಟುತ್ತದೆ. ಊರಿನವರು ಬಂದು ನೋಡುತ್ತಾರೆ. ಆಮೇಲೆ ಇದು ಬಾಗಿಲಲ್ಲ, ಲಿಫ್ಟು. ಅಷ್ಟು ತಿಳಿದ ಮೇಲೆ ಎತ್ತಿದ ಬೆರಳುಗಳನ್ನು ಇನ್ನಷ್ಟು ಕೂಡಿಸಿ ಹಿಡಿದಳು. ಸಿಟ್ಟು ಇತ್ತು, ಇದ್ದಲ್ಲೇ ಇತ್ತು, ಬೆನ್ನ ಹಿಂದೆ. ಮೂರು ವಾರದಲ್ಲಿ ಮೊದಲ ಸಲ ಅವಳಿಗೆ ಅದರ ಬಗ್ಗೆ ನಾಚಿಕೆ ಆಗಲಿಲ್ಲ.

ಡೀಕನ್ ಸೈನಿಕರನ್ನು ಮುಗಿಸಿ ಸರ್ಕಾರಕ್ಕೆ ಬಂದ. ಸರ್ಕಾರದ ಮೇಲೆ ಅವನಿಗೆ ಹೇಳುವುದು ಬಹಳವಿತ್ತು. ಹನ್ನೆರಡು ಹೊಡೆಯಿತು, ಹನ್ನೆರಡೂ ಕಾಲಾಯಿತು. ಬುಟ್ಟಿಯಲ್ಲಿ ಒಂದು ಫೋನು ನೊಣದ ಹಾಗೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಮೆರೆಡಿತ್ ಒಮ್ಮೆ ಕಿಟಕಿಗೆ ಹೋದಳು, ಒಮ್ಮೆ ಬಂದಳು, ಒಮ್ಮೆ ನಿಟ್ಟುಸಿರಿಟ್ಟಳು. ಕ್ಯಾಮೆರಾದವನು ಕಣ್ಣು ಮುಚ್ಚಿ, ಒಳಗಿನವರು ಹೌದು ಕರ್ತನೇ ಎಂದಾಗಲೆಲ್ಲ ತಾನೂ ಮೆಲ್ಲಗೆ ಹೌದು ಅನ್ನುತ್ತಿದ್ದ. ಕೊನೆಗೆ ಛಾವಣಿ ಬಂತು, ಅದು ಸೋರುವ ಮೂರು ಜಾಗಗಳು ಬಂದವು, ಆಮೆನ್ ಬಂತು. ಡೆನೀತಾ ಬಲಗೈ ಇಳಿಸಿದಳು.

"ಕ್ಯಾಮೆರಾ ಹೊರಗೇ ಇರ್ಲಿ," ಅಂದಳು. "ನೀವು ಬನ್ನಿ. ಜಾಗ ಇದೆ."

"ಮತ್ತೆ ಸಮಿತಿ? ನಾಳೆ ಅವರಿಗೆ ನಾನು ಏನು ಹೇಳ್ಲಿ?"

"ನಿಂತಿದ್ಲು ಅಂತ ಹೇಳಿ."

ಜೋಡಿ ಬಾಗಿಲು ತೆರೆಯಿತು. ಎಡಗೈ ಬೆನ್ನ ಹಿಂದಿಟ್ಟು ಡೆನೀತಾ ನಡುದಾರಿಯಲ್ಲಿ ಮುಂದೆ ನಡೆದಳು, ಹಿಂದೆ ಮೆರೆಡಿತ್. ಏನು ಮಾಡುವುದೆಂದು ತಿಳಿಯದವರು ಮಾಡುವ ಹಾಗೆ ಅವಳು ಸುಮ್ಮನೆ ಹಿಂಬಾಲಿಸಿದಳು. ಐದನೆಯ ಸಾಲಿನಲ್ಲಿ ಬಲಗೈ ಚಾಚಿ ಜಾಗ ತೋರಿಸಿ, ಅವಳು ಕೂತ ಮೇಲೆ ಶವಸಂಸ್ಕಾರದ ಅಂಗಡಿಯವರು ಜಾಹೀರಾತಿಗೆಂದು ಹಂಚಿದ ರಟ್ಟಿನ ಬೀಸಣಿಗೆಯೊಂದನ್ನು ಕೈಗೆ ಕೊಟ್ಟಳು. ಮೆರೆಡಿತ್ ಅವಳ ಮುಖವನ್ನೇ ನೋಡುತ್ತಿದ್ದಳು. ನೋಡಿಕೊಳ್ಳಲಿ. ಡೆನೀತಾ ತಿರುಗಿ ಬಾಗಿಲಿಗೆ ಹೋಗಿ ತನ್ನ ಜಾಗದಲ್ಲಿ ನಿಂತಳು. ನಾಳೆ ಬೆಳಿಗ್ಗೆ ಒಂದು ವರ್ಷ ಹೋಗುತ್ತದೆ. ಹೋಗುತ್ತದೆ ಎಂದು ಗೊತ್ತಿದ್ದೇ ಭಾರವನ್ನು ಎರಡೂ ಪಾದಗಳಿಗೆ ಸಮನಾಗಿ ಹಂಚಿದಳು, ಕೆಟ್ಟ ಮೊಣಕಾಲಿಗೂ.

ನಡುದಾರಿಯ ಆ ಕೊನೆಯಿಂದ ಅಜ್ಜಿ ಅವಳನ್ನು ನೋಡುತ್ತಿದ್ದಳು. ಕ್ಯಾಮೆರಾ ಬರಲಿಲ್ಲವೆಂದು ತಿಳಿದಿತ್ತು, ಏಕೆ ಬರಲಿಲ್ಲ ಎಂಬುದೂ ತಿಳಿದಿರಬೇಕು. ನಗಲಿಲ್ಲ. ಸ್ವಲ್ಪವೂ ನಗಲಿಲ್ಲ. ಮೊಮ್ಮಗಳನ್ನು ನೆತ್ತಿಯಿಂದ ಬೂಟಿನವರೆಗೆ ಒಮ್ಮೆ ಅಳೆದು, ಅರ್ಧ ತಿರುಗಿ ತನ್ನ ಬೆನ್ನನ್ನು ತೋರಿಸಿದಳು. ಬಿಳಿ ಉಡುಪಿನ ಸೊಂಟದ ಪಟ್ಟಿಯ ಮೇಲೆ ಬಿಳಿ ಮುಷ್ಟಿ, ಇರಬೇಕಾದಲ್ಲಿ ಇತ್ತು.

ಡೆನೀತಾ ತನ್ನದನ್ನು ಎರಡು ಬೆರಳು ಮೇಲಕ್ಕೆ ಎತ್ತಿದಳು.